ಮಿಲ್ಲಿನ ಮಕ್ಕಳಿಗೆ ನಿದ್ದೆ ಎಲ್ಲಿತ್ತು?

ಬೆಳಗಿನ ಜಾವ ಎರಡು ಗಂಟೆ. ಧೋ ಎಂದು ಮಳೆ ಸುರಿಯುತ್ತಿದೆ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಹತ್ತಿರ ಒಂದು ಮಿಲ್ಲಿನ ಮುಚ್ಚಿದ ಬಾಗಿಲ ಮುಂದೆ ಒಬ್ಬ ಹುಡುಗಿ ನೆನೆಯುತ್ತಾ ನಿಂತಿದ್ದಾಳೆ. ಬಾಗಿಲು ತೆರೆಯಲು ಇನ್ನೂ ಎಷ್ಟೋ ಹೊತ್ತಿದೆ. ಮನೆಯಲ್ಲಿ ಗಡಿಯಾರ ಇಲ್ಲ. ಕಲ್ಲಿದ್ದಲು ಗಣಿಗೆ ಹೋಗುವವರು ನಸುಕಿನಲ್ಲೇ ಹೊರಡುತ್ತಾರೆ, ಅವರ ಸದ್ದು ಕೇಳಿಸಿದರೆ ಅಮ್ಮ ಬೆಚ್ಚಗಿನ ಹಾಸಿಗೆ ಬಿಟ್ಟು ಹೊರಗೆ ಹೋಗಿ "ಟೈಮ್ ಎಷ್ಟಾಯ್ತು" ಅಂತ ಅವರನ್ನು ಕೇಳಿಕೊಂಡು ಬರಬೇಕು. ಕೆಲವೊಮ್ಮೆ ಲೆಕ್ಕ ತಪ್ಪಿ ಮಗಳು ಇಷ್ಟು ಬೇಗ ಬಂದು ನಿಲ್ಲುತ್ತಾಳೆ.

ಈ ಹುಡುಗಿಯ ಹೆಸರು ಎಲಿಜಬೆತ್ ಬೆಂಟ್ಲಿ. 1832ರಲ್ಲಿ, ತನಗೆ 23 ವರ್ಷವಾಗಿದ್ದಾಗ, ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಇದನ್ನೆಲ್ಲ ಹೇಳಿದಳು. ಮೈಕೇಲ್ ಸ್ಯಾಡ್ಲರ್ ಎಂಬ ಸಂಸದರು ಆ ಸಮಿತಿಯ ಅಧ್ಯಕ್ಷರು. ಎಲಿಜಬೆತ್ 6ನೇ ವಯಸ್ಸಿಗೆ ಅಗಸೆ ನಾರಿನ ಮಿಲ್ಲಿಗೆ ಸೇರಿದ್ದಳು. ಸಾಮಾನ್ಯ ದಿನಗಳಲ್ಲಿ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಕೆಲಸ. ಆರ್ಡರ್ ಜಾಸ್ತಿ ಇದ್ದರೆ ಬೆಳಗ್ಗೆ 5ರಿಂದ ರಾತ್ರಿ 9ರವರೆಗೆ. ಮಧ್ಯಾಹ್ನ ಊಟಕ್ಕೆ 40 ನಿಮಿಷ. ಕಾಲು ಗಂಟೆ ತಡವಾದರೆ ಅರ್ಧ ಗಂಟೆಯ ಕೂಲಿ ಮುರಿದುಕೊಳ್ಳುತ್ತಿದ್ದರು, ಅದಕ್ಕೇ ಅವರಮ್ಮನಿಗೆ ಅಷ್ಟು ಹೆದರಿಕೆ.

ಕೈಗಾರಿಕಾ ಕ್ರಾಂತಿ ಅಂದರೆ ನಾವು ಶಾಲೆಯಲ್ಲಿ ಓದಿದ್ದು ಯಂತ್ರಗಳ ಕಥೆ. ಸ್ಪಿನ್ನಿಂಗ್ ಜೆನ್ನಿ ಯಾರು ಕಂಡುಹಿಡಿದರು, ಹಬೆ ಯಂತ್ರ ಯಾರು ಸುಧಾರಿಸಿದರು, ಎರಡು ಅಂಕದ ಪ್ರಶ್ನೆ. ಮಕ್ಕಳನ್ನೂ ದುಡಿಸಿಕೊಂಡರು ಅನ್ನುವ ಒಂದು ಸಾಲು ಕೊನೆಯಲ್ಲಿ ಇರುತ್ತಿತ್ತು, ಅಷ್ಟೇ. ಆ ಮಕ್ಕಳು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಯಾವಾಗ ಆಡುತ್ತಿದ್ದರು ಅಂತ ಯಾರೂ ಹೇಳಲಿಲ್ಲ. ಆದರೆ ಅವರ ಮಾತುಗಳು ಸರ್ಕಾರಿ ವರದಿಗಳಲ್ಲಿ ಅಚ್ಚಾಗಿ ಉಳಿದಿವೆ. ಓದುತ್ತಾ ಹೋದರೆ ಏಟು ಇದೆ, ಬೆರಳು ಕತ್ತರಿಸಿಹೋದದ್ದು ಇದೆ, ಹಸಿವು ಇದೆ. ಅವೆಲ್ಲದರ ನಡುವೆ ಮತ್ತೆ ಮತ್ತೆ ಬರುವುದು ನಿದ್ದೆ. ಎಷ್ಟು ಗಂಟೆಗೆ ಎದ್ದೆ, ಯಾರು ಎಬ್ಬಿಸಿದರು, ಎಲ್ಲಿ ತೂಕಡಿಸಿದೆ, ತೂಕಡಿಸಿದಾಗ ಏನು ಮಾಡಿದರು. ನನ್ನ ಮಟ್ಟಿಗೆ ಆ ಕಾಲದ ಬಾಲ್ಯ ಅರ್ಥವಾಗಬೇಕಾದರೆ ಯಂತ್ರಕ್ಕಿಂತ ಮೊದಲು ಈ ನಿದ್ದೆಯ ಲೆಕ್ಕ ಹಾಕಬೇಕು.

ಮಿಲ್ಲು ಬರುವ ಮೊದಲು ಮಕ್ಕಳು ಆರಾಮಾಗಿದ್ದರು ಅಂತ ಅಲ್ಲ. ಇಂಗ್ಲೆಂಡಿನ ಬಡವರ ಮನೆಗಳಲ್ಲಿ ಮಕ್ಕಳು ಉಣ್ಣೆ ಬಿಡಿಸುತ್ತಿದ್ದರು, ನೂಲುತ್ತಿದ್ದರು, ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದರು. ಅಪ್ಪನ ಏಟೂ ತಿನ್ನುತ್ತಿದ್ದರು. ಆದರೆ ಮನೆಯ ಕೆಲಸ ಬೆಳಕು ಇರುವ ತನಕ, ಕೈ ಸೋತರೆ ಸ್ವಲ್ಪ ಹೊತ್ತು ನಿಲ್ಲಬಹುದು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಡರ್ಬಿಶೈರ್‌ನ ಕ್ರಾಮ್‌ಫರ್ಡ್‌ನಲ್ಲಿ ನೀರಿನ ಚಕ್ರದಿಂದ ನಡೆಯುವ ಹತ್ತಿ ಮಿಲ್ಲು ಕಟ್ಟಿದ ಮೇಲೆ ಕೆಲಸದ ಹೊತ್ತನ್ನು ಚಕ್ರ ಹೇಳತೊಡಗಿತು. ಆಮೇಲೆ ಹಬೆ ಯಂತ್ರ ಬಂತು, ಅದಕ್ಕೆ ಹೊಳೆ ಬತ್ತಿದರೂ ಚಿಂತೆಯಿಲ್ಲ. 1805ರ ಸುಮಾರಿಗೆ ಸಾಲ್ಫರ್ಡ್‌ನ ಒಂದು ದೊಡ್ಡ ಮಿಲ್ಲಿಗೆ ವಿಲಿಯಂ ಮರ್ಡಾಕ್ ಗ್ಯಾಸ್ ದೀಪ ಹಾಕಿಸಿದ. ಕತ್ತಲಾಯ್ತು, ಮನೆಗೆ ಹೋಗಿ ಅನ್ನುವ ಕಾರಣವೂ ಹೋಯಿತು. ಗ್ಯಾಸ್ ದೀಪದ ಬಗ್ಗೆ ಓದುವಾಗ ಅದು ಎಂಥ ದೊಡ್ಡ ಸುಧಾರಣೆ ಅಂತಲೇ ಓದುತ್ತೇವೆ, ಅಲ್ವಾ? ಮಿಲ್ಲಿನಲ್ಲಿದ್ದ ಎಂಟು ವರ್ಷದ ಮಗುವಿನ ಕಡೆಯಿಂದ ನೋಡಿದರೆ ಅದು ರಾತ್ರಿಯನ್ನೇ ಕಿತ್ತುಕೊಂಡಿತು.

ಮೊದಮೊದಲು ಮಿಲ್ಲುಗಳು ಹೊಳೆ ದಂಡೆಯಲ್ಲಿ, ಊರಿಂದ ದೂರ ಇದ್ದವು. ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಆಗ ಮಾಲೀಕರು ಲಂಡನ್ ಮುಂತಾದ ಕಡೆಯ ವರ್ಕ್‌ಹೌಸ್‌ಗಳಿಂದ, ಅಂದರೆ ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ಜಾಗಗಳಿಂದ, ಮಕ್ಕಳನ್ನು ಗಾಡಿಗಟ್ಟಲೆ ತರಿಸಿಕೊಂಡರು. 21 ವರ್ಷ ತುಂಬುವವರೆಗೆ ಅವರು ಅಲ್ಲೇ ದುಡಿಯಬೇಕು. ಊಟ, ಬಟ್ಟೆ, ಹಾಸಿಗೆ ಮಾಲೀಕರದ್ದು. ರಾಬರ್ಟ್ ಬ್ಲಿಂಕೋ ಎಂಬ ಹುಡುಗ ಹೀಗೆ 1799ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ವರ್ಕ್‌ಹೌಸ್‌ನಿಂದ ನಾಟಿಂಗ್‌ಹ್ಯಾಮ್ ಹತ್ತಿರದ ಮಿಲ್ಲಿಗೆ ಹೋದ. ಅವನಿಗೆ ಆಗ ಸುಮಾರು 7 ವರ್ಷ. ಅಲ್ಲಿ ಹುರಿದ ಮಾಂಸ, ಪ್ಲಮ್ ಪುಡ್ಡಿಂಗ್ ಕೊಡುತ್ತಾರೆ, ಯಜಮಾನರ ಕುದುರೆ ಹತ್ತಬಹುದು, ಬೆಳ್ಳಿ ಗಡಿಯಾರ ಸಿಗುತ್ತದೆ ಅಂತ ಹೇಳಿ ಕಳಿಸಿದ್ದರು. ಮಕ್ಕಳು ಖುಷಿಯಿಂದ ಗಾಡಿ ಹತ್ತಿದ್ದರು. ಅಲ್ಲಿ ಸಿಕ್ಕಿದ್ದು ಗಂಜಿ, ಕಪ್ಪು ಬ್ರೆಡ್ಡು ಮತ್ತು ಏಟು. ಬ್ಲಿಂಕೋ ದೊಡ್ಡವನಾಗಿ ಸ್ವಂತ ಸಣ್ಣ ವ್ಯಾಪಾರ ಮಾಡಿದ, ಅವನ ಮಗ ಕೇಂಬ್ರಿಡ್ಜ್‌ನಲ್ಲಿ ಓದಿ ಪಾದ್ರಿಯಾದ. 1833ರಲ್ಲಿ ಸರ್ಕಾರದ ಆಯೋಗದವರು ನಿನ್ನ ಮಕ್ಕಳನ್ನು ಮಿಲ್ಲಿಗೆ ಕಳಿಸುತ್ತೀಯಾ ಅಂತ ಕೇಳಿದಾಗ, ಇಲ್ಲ, ಅದಕ್ಕಿಂತ ಅವರನ್ನು ಗಡೀಪಾರು ಮಾಡಿದರೂ ಪರವಾಗಿಲ್ಲ ಎಂದ. ಆ ಕಾಲದಲ್ಲಿ ಗಡೀಪಾರು ಅಂದರೆ ಕೈದಿಗಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸುವುದು.

ಇಂಥ ಮಕ್ಕಳಿದ್ದ ಕೆಲವು ಕಡೆ ಎರಡು ಪಾಳಿ. ಹಗಲಿನ ಮಕ್ಕಳು ಎದ್ದ ಹಾಸಿಗೆಗೆ ರಾತ್ರಿ ಪಾಳಿಯ ಮಕ್ಕಳು ಬಂದು ಮಲಗುತ್ತಿದ್ದರು. ಲ್ಯಾಂಕಶೈರ್‌ನಲ್ಲಿ ಹಾಸಿಗೆಗಳು ತಣ್ಣಗಾಗುವುದೇ ಇಲ್ಲ ಅನ್ನುವ ಮಾತೇ ಹುಟ್ಟಿಕೊಂಡಿತ್ತು. 1802ರಲ್ಲಿ ಬಂದ ಮೊದಲ ಕಾನೂನು ಈ ಮಕ್ಕಳ ರಾತ್ರಿ ಪಾಳಿಯನ್ನು ನಿಲ್ಲಿಸಬೇಕು, ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. ನೋಡಿಕೊಳ್ಳಲು ಸಂಬಳದ ಅಧಿಕಾರಿಗಳೇ ಇರಲಿಲ್ಲ, ಹಾಗಾಗಿ ಕಾನೂನು ಕಾಗದದಲ್ಲೇ ಉಳಿಯಿತು.

ಎಲ್ಲ ಮಿಲ್ಲೂ ಒಂದೇ ತರ ಇರಲಿಲ್ಲ, ಇದನ್ನೂ ಹೇಳಬೇಕು. ಚೆಷೈರ್‌ನ ಸ್ಟೈಲ್ ಎಂಬಲ್ಲಿ ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಕಟ್ಟಿದ ಕ್ವಾರಿ ಬ್ಯಾಂಕ್ ಮಿಲ್ಲು ಈಗಲೂ ಇದೆ, ಮ್ಯೂಸಿಯಂ ಆಗಿದೆ. ಅಲ್ಲಿ ಮಕ್ಕಳಿಗೇ ಬೇರೆ ಮನೆ ಕಟ್ಟಿಸಿದ್ದರು, ಡಾಕ್ಟರ್ ಬಂದು ನೋಡುತ್ತಿದ್ದರು. 1806ರಲ್ಲಿ ಅಲ್ಲಿಂದ ಇಬ್ಬರು ಹುಡುಗರು ಓಡಿಹೋದರು. ಜೋಸೆಫ್ ಸೆಫ್ಟನ್‌ಗೆ 17 ವರ್ಷ, ಥಾಮಸ್ ಪ್ರೀಸ್ಟ್ಲಿಗೆ 13. ಲಂಡನ್ನಿನ ಹ್ಯಾಕ್ನಿವರೆಗೆ, ಅಂದರೆ ಸುಮಾರು 300 ಕಿಲೋಮೀಟರ್ ಹೋದರು. ಅವರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಕೊಟ್ಟ ಹೇಳಿಕೆ ಉಳಿದಿದೆ. ಕೋಪದಿಂದ ದೂರುತ್ತಾರೆ ಅಂದುಕೊಂಡು ಓದಲು ಕುಳಿತರೆ, ಜೋಸೆಫ್ ಮಿಲ್ಲನ್ನು ಹೊಗಳುತ್ತಾನೆ. ಕೋಣೆಗಳು ಚೊಕ್ಕಟವಾಗಿದ್ದವು, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು, ಒಂದು ಹಾಸಿಗೆಯಲ್ಲಿ ಇಬ್ಬರು ಮಲಗುತ್ತಿದ್ದೆವು, ತಿಂಗಳಿಗೊಮ್ಮೆ ಹೊಸದಾಗಿ ಒಗೆದ ಹೊದಿಕೆ ಕೊಡುತ್ತಿದ್ದರು. ಭಾನುವಾರ ಬೆಳಗ್ಗೆ ಚರ್ಚು, ಮಧ್ಯಾಹ್ನ ಪಾಠ, ಆಮೇಲೆ ಆಟ. ಕೆಲಸ ಮಾತ್ರ ಬೇಸಿಗೆ ಚಳಿಗಾಲ ಎನ್ನದೆ ಬೆಳಗ್ಗೆ 6ರಿಂದ ಸಂಜೆ 7ರವರೆಗೆ. ಬೆಳಗಿನ ತಿಂಡಿಗೆ ಮಿಲ್ಲಿನಿಂದ ಹೊರಗೂ ಬರುವಂತಿಲ್ಲ, ಓಟ್ಸ್ ಗಂಜಿಯನ್ನು ಅಲ್ಲಿಗೇ ತರುತ್ತಿದ್ದರು. ಅದು ನಮ್ಮ ರಾಗಿ ಮುದ್ದೆಯಂತೆ ಗಟ್ಟಿ, ಕೈಯಲ್ಲಿ ಹಿಡಿದುಕೊಂಡೇ ತಿನ್ನಬಹುದು. ಅದಕ್ಕೆ ಹತ್ತು ನಿಮಿಷ.

ಹಾಗಾದರೆ ಓಡಿಹೋದದ್ದು ಏಕೆ? ಥಾಮಸ್‌ನ ಒಂದು ಬೆರಳು ಯಂತ್ರಕ್ಕೆ ಸಿಕ್ಕಿ ಕಿತ್ತುಹೋಗಿತ್ತು. ಗಾಯ ಮಾಗುವ ತನಕ ಕೆಲಸ ಇರಲಿಲ್ಲ. ಆ ಬಿಡುವಿನಲ್ಲಿ ಅಮ್ಮನ ನೆನಪಾಯಿತು. ಬಿಡುವೇ ಇಲ್ಲದಿದ್ದಾಗ ಅಮ್ಮನನ್ನು ನೆನೆಯಲೂ ಅವನಿಗೆ ಹೊತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಒಳ್ಳೆಯ ಮಾಲೀಕರ ಒಳ್ಳೆಯ ಮಿಲ್ಲು ಎಂದು ಹೆಸರಾದ ಕಡೆಯ ಪಾಡು ಇದು.

ಇನ್ನು ಒಳಗಿನ ಕೆಲಸ. ಹತ್ತಿ ಮಿಲ್ಲಿನಲ್ಲಿ ತೀರಾ ಚಿಕ್ಕವರಿಗೆ ಕೊಡುತ್ತಿದ್ದದ್ದು ಯಂತ್ರದ ಕೆಳಗೆ ತೆವಳಿಕೊಂಡು ಹೋಗಿ ಬಿದ್ದ ಹತ್ತಿಯ ಚೂರು, ಧೂಳು ಬಾಚುವ ಕೆಲಸ. ಯಂತ್ರ ನಿಲ್ಲಿಸುತ್ತಿರಲಿಲ್ಲ. ನೂಲುವ ಯಂತ್ರದ ಮುಂದಿನ ಭಾಗ ಗಾಲಿಗಳ ಮೇಲೆ ಹಿಂದೆ ಮುಂದೆ ಚಲಿಸುತ್ತಲೇ ಇರುತ್ತದೆ, ಅದು ಮುಂದೆ ಹೋದಾಗ ನುಗ್ಗಬೇಕು, ಹಿಂದಕ್ಕೆ ಬರುವಷ್ಟರಲ್ಲಿ ನೆಲಕ್ಕೆ ಅಂಟಿಕೊಳ್ಳಬೇಕು ಇಲ್ಲವೇ ಹೊರಗೆ ಬರಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಕಡಿದ ಎಳೆಗಳನ್ನು ಜೋಡಿಸುವ ಕೆಲಸ. ಎಳೆ ಕಡಿದ ಕೂಡಲೇ ಓಡಿ, ಬೆರಳಿನಿಂದ ಹೊಸೆದು ಸೇರಿಸಬೇಕು. ಇನ್ನು ಕೆಲವರು ನೂಲು ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕಬೇಕು, ಎಲಿಜಬೆತ್ ಮಾಡುತ್ತಿದ್ದದ್ದು ಇದೇ. ಒಂದೊಂದಾಗಿ ನೋಡಿದರೆ ಯಾವುದೂ ಭಾರದ ಕೆಲಸ ಅಲ್ಲ. ಮಾಲೀಕರ ವಾದವೂ ಅದೇ ಆಗಿತ್ತು, ಮಕ್ಕಳಿಗೆ ಇದು ಹಗುರ ಕೆಲಸ, ಆಟ ಇದ್ದ ಹಾಗೆ ಅಂತ.

ಜಾನ್ ಫೀಲ್ಡನ್ ಎಂಬುವರು ಸ್ವತಃ ಮಿಲ್ ಮಾಲೀಕರು, ಟಾಡ್‌ಮರ್ಡನ್‌ನಲ್ಲಿ ದೊಡ್ಡ ಹತ್ತಿ ಮಿಲ್ಲು. ಚಿಕ್ಕಂದಿನಲ್ಲಿ ಅಪ್ಪನ ಮಿಲ್ಲಿನಲ್ಲಿ ತಾವೇ ದುಡಿದಿದ್ದವರು. ಒಂದು ಸಭೆಯಲ್ಲಿ ಯಾರೋ ಮಿಲ್ಲಿನ ಮಗು ದಿನಕ್ಕೆ 20 ಮೈಲಿಗಿಂತ ಜಾಸ್ತಿ ನಡೆಯುತ್ತದೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ತಮ್ಮ ಮಿಲ್ಲಿಗೆ ಹೋಗಿ, ಗಡಿಯಾರ ಎದುರಿಗಿಟ್ಟುಕೊಂಡು, ಒಂದು ಹುಡುಗಿ ಯಂತ್ರದ ಹಿಂದೆ ಮುಂದೆ ಓಡಾಡುವುದನ್ನು ನೋಡಿ ಲೆಕ್ಕ ಹಾಕಿದರು. ಹತ್ತಿರ ಹತ್ತಿರ 20 ಮೈಲಿ ಬಂತು. ಬೇರೆ ಮಾಲೀಕರು ಈ ಲೆಕ್ಕ ಒಪ್ಪಲಿಲ್ಲ, ಅಷ್ಟಿಲ್ಲ ಎಂದು ಜಗಳವಾಡಿದರು. ಆದರೂ ಮಾಲೀಕರಾಗಿದ್ದುಕೊಂಡು ತಮ್ಮ ಮಿಲ್ಲಿನ ಮಗುವಿನ ಹಿಂದೆಯೇ ನಿಂತು ಎಣಿಸಿದ ಫೀಲ್ಡನ್ ಮೇಲೆ ನನಗೆ ತುಂಬಾ ಗೌರವ. ಮುಂದೆ 1847ರಲ್ಲಿ ಹೆಂಗಸರು ಮತ್ತು 13ರಿಂದ 18 ವರ್ಷದವರಿಗೆ 10 ಗಂಟೆಯ ಕೆಲಸದ ಕಾನೂನು ಮಾಡಿಸಿದ್ದೂ ಇವರೇ.

ಸಂಜೆಯಾಗುತ್ತಾ ಬಂದಂತೆ ಮಕ್ಕಳು ತೂಗಾಡುತ್ತಿದ್ದರು. ಏಟುಗಳ ಬಗ್ಗೆ ಓದುವಾಗ ಇದನ್ನು ಗಮನಿಸಿ: ಎಷ್ಟೋ ಏಟು ಬಿದ್ದದ್ದು ಮಗು ತಂಟೆ ಮಾಡಿತು ಅಂತ ಅಲ್ಲ, ನಿದ್ದೆ ಮಾಡಿತು ಅಂತ. ಶ್ರೂಸ್‌ಬರಿಯ ಮಿಲ್ಲಿನಲ್ಲಿ ಏಳನೇ ವಯಸ್ಸಿನಿಂದ ದುಡಿದ ಜೊನಾಥನ್ ಡೌನ್ ಸ್ಯಾಡ್ಲರ್ ಸಮಿತಿಗೇ ಹೇಳಿದ್ದು ಓದಿದರೆ ಮೈ ಜುಮ್ ಎನ್ನುತ್ತದೆ. ಕೋಣೆಯ ಮೂಲೆಯಲ್ಲಿ ನೀರು ತುಂಬಿದ ಕಬ್ಬಿಣದ ತೊಟ್ಟಿ ಇರುತ್ತಿತ್ತು. ತೂಕಡಿಸುವ ಹುಡುಗನ ಭುಜಕ್ಕೆ ಮೇಸ್ತ್ರಿ ಕೋಲಿನಿಂದ ತಟ್ಟಿ ಕರೆದುಕೊಂಡು ಹೋಗುತ್ತಿದ್ದ. ಕಾಲು ಹಿಡಿದೆತ್ತಿ, ತಲೆಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಾಪಸ್ ಕೆಲಸಕ್ಕೆ ಕಳಿಸುತ್ತಿದ್ದ.

ಡ್ಯೂಸ್‌ಬರಿಯ ಮ್ಯಾಥ್ಯೂ ಕ್ರ್ಯಾಬ್‌ಟ್ರೀ 8ನೇ ವಯಸ್ಸಿಗೆ ಕಂಬಳಿ ಮಿಲ್ಲಿಗೆ ಸೇರಿದವನು. ಮನೆಯಿಂದ ಮಿಲ್ಲಿಗೆ ಸುಮಾರು ಎರಡು ಮೈಲಿ. ರಾತ್ರಿ ಮನೆಗೆ ಬಂದ ಮೇಲೆ ಅಪ್ಪ ಅಮ್ಮನ ಜೊತೆ ಕೂರಲು ಹೊತ್ತು ಸಿಗುತ್ತಿತ್ತೇ ಅಂತ ಕೇಳುತ್ತಾರೆ. ಇಲ್ಲ, ಇದ್ದಷ್ಟು ಉಂಡು ಮಲಗುವುದು, ಊಟ ರೆಡಿ ಇಲ್ಲದಿದ್ದರೆ ಅದು ಆಗುವಷ್ಟರಲ್ಲೇ ನಿದ್ದೆ ಹೋಗುತ್ತಿದ್ದೆವು ಅನ್ನುತ್ತಾನೆ. ಬೆಳಗ್ಗೆ ತಡವಾದರೆ ಹೊಡೆತ ಖಂಡಿತ. ಆ ಹೆದರಿಕೆಗೆ ಅಳುತ್ತಾ ಅಳುತ್ತಾ ದಾರಿಯುದ್ದಕ್ಕೂ ಓಡುತ್ತಿದ್ದೆ ಅಂತಾನೆ.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಸ್ಯಾಮ್ಯುಯೆಲ್ ಕೌಲ್ಸನ್ ಎಂಬ ಅಪ್ಪನ ಸಾಕ್ಷ್ಯ. ಈತ ಲೀಡ್ಸ್ ಹತ್ತಿರದ ದರ್ಜಿ. ಆರ್ಡರ್ ಜಾಸ್ತಿ ಇದ್ದ ಆರು ವಾರ ಅವನ ಹೆಣ್ಣುಮಕ್ಕಳು ಬೆಳಗಿನ ಜಾವ 3ಕ್ಕೆ ಮಿಲ್ಲಿಗೆ ಹೋಗಿ ರಾತ್ರಿ 10, ಹತ್ತೂವರೆಗೆ ಬಿಟ್ಟು ಬರುತ್ತಿದ್ದರು. ಮಲಗುವಾಗ ಹನ್ನೊಂದು. ಎಬ್ಬಿಸುವುದು ಕಷ್ಟವಾಗಲಿಲ್ಲವೇ ಅಂದರೆ, ನಿದ್ದೆಯಲ್ಲೇ ಎತ್ತಿಕೊಂಡು ಬಂದು, ಅಲುಗಾಡಿಸಿ, ನೆಲದ ಮೇಲೆ ನಿಲ್ಲಿಸಿ ಬಟ್ಟೆ ಹಾಕಿ ಕಳಿಸುತ್ತಿದ್ದೆವು ಅನ್ನುತ್ತಾನೆ. ಹೊತ್ತಿಗೆ ಸರಿಯಾಗಿ ಎಚ್ಚರವಾಗದಿದ್ದರೆ ಅಂತ ಹೆದರಿ ಹೆಂಡತಿ ರಾತ್ರಿಯೆಲ್ಲ ಎದ್ದೇ ಕೂರುತ್ತಿದ್ದಳು. ಇಷ್ಟಕ್ಕೆ ಸಿಕ್ಕಿದ್ದೇನು? ಮಾಮೂಲಿ ವಾರದ ಕೂಲಿ 3 ಶಿಲಿಂಗ್, ಆ ವಾರಗಳಲ್ಲಿ 3 ಶಿಲಿಂಗ್ ಏಳೂವರೆ ಪೆನ್ನಿ (12 ಪೆನ್ನಿಗೆ ಒಂದು ಶಿಲಿಂಗ್). ದೊಡ್ಡ ಮಗಳ ಬೆರಳು ಯಂತ್ರಕ್ಕೆ ಸಿಕ್ಕಿ ಐದು ವಾರ ಆಸ್ಪತ್ರೆಯಲ್ಲಿದ್ದಳು, ಅಪಘಾತವಾದ ಕೂಡಲೇ ಕೂಲಿ ನಿಂತಿತು. ನಮ್ಮ ಮನೆಯಲ್ಲೂ ಬೆಳಗ್ಗೆ ಮಗಳನ್ನು ಎಬ್ಬಿಸಿ ಸ್ಕೂಲಿಗೆ ಹೊರಡಿಸುವುದು ದೊಡ್ಡ ಕೆಲಸವೇ. ರಾತ್ರಿ ಪೂರ್ತಿ ಮಲಗಿದ ಮಗುವೇ ಹೊದಿಕೆ ಬಿಡುವುದಿಲ್ಲ. ಬರೀ ನಾಲ್ಕು ಗಂಟೆ ಮಲಗಿದ ಮಗುವನ್ನು ಅಲುಗಾಡಿಸಿ ನಿಲ್ಲಿಸುವ ಅಪ್ಪನ ಕೈ ಹೇಗೆ ನಡುಗಿರಬೇಕು ಅಂತ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ.

ಸ್ಯಾಡ್ಲರ್ ಸಮಿತಿ ಏಕಪಕ್ಷೀಯ, ಸಾಕ್ಷಿಗಳಿಂದ ಪ್ರಮಾಣ ಮಾಡಿಸಿಲ್ಲ, ಕೆಟ್ಟ ಉದಾಹರಣೆಗಳನ್ನೇ ಹುಡುಕಿ ತಂದಿದ್ದಾರೆ ಅಂತ ಮಾಲೀಕರು ದೂರಿದರು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಮಾಲೀಕರ ಒತ್ತಾಯಕ್ಕೇ 1833ರಲ್ಲಿ ಇನ್ನೊಂದು ಆಯೋಗ ಮಾಡಿದಾಗ, ಆ ಆಯೋಗವೂ ಮಕ್ಕಳು ದೊಡ್ಡವರಷ್ಟೇ ಹೊತ್ತು ದುಡಿಯುತ್ತಿದ್ದಾರೆ, ಇದನ್ನು ನಿಲ್ಲಿಸಬೇಕು ಎಂದೇ ಹೇಳಿತು. ಅದೇ ವರ್ಷ ಕಾನೂನು ಬಂತು. ಬಟ್ಟೆ ಮಿಲ್ಲುಗಳಲ್ಲಿ 9 ವರ್ಷದೊಳಗಿನವರಿಗೆ ಕೆಲಸ ಇಲ್ಲ, ರೇಷ್ಮೆ ಮಿಲ್ಲಿಗೆ ಮಾತ್ರ ವಿನಾಯಿತಿ. 9ರಿಂದ 13ರವರಿಗೆ ವಾರಕ್ಕೆ 48 ಗಂಟೆ. ದಿನಕ್ಕೆ ಎರಡು ಗಂಟೆ ಪಾಠ. ಮತ್ತು ಮೊದಲ ಸಲ ಸಂಬಳದ ಇನ್ಸ್‌ಪೆಕ್ಟರ್‌ಗಳು, ಇಡೀ ದೇಶಕ್ಕೆ ನಾಲ್ಕೇ ಜನ.

ಆದರೆ ಮಗುವಿಗೆ 9 ವರ್ಷ ಆಗಿದೆ ಅಂತ ಗೊತ್ತಾಗುವುದು ಹೇಗೆ? ಇಂಗ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಅಲ್ಲಿಯವರೆಗೆ ಡಾಕ್ಟರು ಮಗುವಿನ ಮೈಕಟ್ಟು ನೋಡಿ ಸರ್ಟಿಫಿಕೇಟ್ ಕೊಡುತ್ತಿದ್ದರು. ಮನೆಯಲ್ಲಿ ಕೂಲಿಯ ಹಣ ಬೇಕಿತ್ತು, ಹಾಗಾಗಿ ಏಳು ವರ್ಷದವರನ್ನೂ ಒಂಬತ್ತು ಅಂತ ತಂದು ನಿಲ್ಲಿಸುತ್ತಿದ್ದರು. ಎಡ್ವಿನ್ ಸೌಂಡರ್ಸ್ ಎಂಬ ದಂತವೈದ್ಯರು ಸುಮಾರು 1000 ಮಕ್ಕಳ ಬಾಯಿ ನೋಡಿ, ಎತ್ತರಕ್ಕಿಂತ ಹಲ್ಲು ನೋಡಿದರೆ ವಯಸ್ಸು ಸರಿಯಾಗಿ ತಿಳಿಯುತ್ತದೆ ಅಂತ 1837ರಲ್ಲಿ ಬರೆದರು. ಮಗುವಿನ ಬಾಯಿ ತೆರೆಸಿ ಹಲ್ಲು ಎಣಿಸಿ ಕೆಲಸಕ್ಕೆ ತೆಗೆದುಕೊಳ್ಳುವ ಕಾಲ.

ಈ ಕಾನೂನೆಲ್ಲ ಮಿಲ್ಲಿಗೆ. ನೆಲದ ಕೆಳಗೆ ಏನು ನಡೆಯುತ್ತಿದೆ ಅಂತ ನೋಡಿದವರು ಕಡಿಮೆ. 1838ರ ಜುಲೈ 4ರಂದು ಯಾರ್ಕ್‌ಶೈರ್‌ನ ಸಿಲ್ಕ್‌ಸ್ಟನ್ ಹತ್ತಿರದ ಹಸ್ಕರ್ ಗಣಿಯಲ್ಲಿ, ಗುಡುಗು ಮಳೆಗೆ ತುಂಬಿದ ಹಳ್ಳದ ನೀರು ಒಳಗೆ ನುಗ್ಗಿ 26 ಮಕ್ಕಳು ಮುಳುಗಿ ಸತ್ತರು. 15 ಗಂಡು, 11 ಹೆಣ್ಣು. ಆಮೇಲೆ ಲಾರ್ಡ್ ಆಶ್ಲಿ ಎಂಬ ಸಂಸದರ ಒತ್ತಾಯದಿಂದ ಒಂದು ಆಯೋಗ ಬಂತು, 1842ರಲ್ಲಿ ಅದರ ವರದಿ. ಈ ವರದಿಯಲ್ಲಿ ಚಿತ್ರಗಳೂ ಇದ್ದವು. ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ಎರಡು ಕಾಲಿನ ನಡುವೆ ಸರಪಳಿ ಹಾಯಿಸಿಕೊಂಡು, ಅಂಬೆಗಾಲಿನಲ್ಲಿ ಕಲ್ಲಿದ್ದಲಿನ ಗಾಡಿ ಎಳೆಯುವ ಮಕ್ಕಳ ಚಿತ್ರ. ಮಾತಿನಲ್ಲಿ ಹೇಳಿದ್ದರೆ ನಂಬದವರೂ ಅವನ್ನು ನೋಡಿ ಸುಮ್ಮನಾದರು.

ಗಣಿಯ ತೀರಾ ಚಿಕ್ಕ ಮಕ್ಕಳ ಕೆಲಸ ಬಾಗಿಲು ತೆರೆಯುವುದು. ಗಣಿಯೊಳಗೆ ಗಾಳಿ ಸರಿಯಾದ ದಾರಿಯಲ್ಲಿ ಹರಿಯಬೇಕು, ಇಲ್ಲದಿದ್ದರೆ ಅನಿಲ ಕೂಡಿಕೊಂಡು ಸ್ಫೋಟವಾಗುತ್ತದೆ. ಅದಕ್ಕೆ ಅಲ್ಲಲ್ಲಿ ಬಾಗಿಲು. ಗಾಡಿ ಬಂದಾಗ ಹಗ್ಗ ಎಳೆದು ತೆರೆಯಬೇಕು, ಹೋದ ಮೇಲೆ ಮುಚ್ಚಬೇಕು. ಅಷ್ಟೇ. ಗಾವ್ಬರ್ ಗಣಿಯಲ್ಲಿ ಈ ಕೆಲಸಕ್ಕಿದ್ದ 8 ವರ್ಷದ ಸಾರಾ ಗೂಡರ್ ಹೇಳಿದ್ದು ಹೀಗೆ: ಈ ಕೆಲಸದಿಂದ ಆಯಾಸ ಆಗುವುದಿಲ್ಲ, ಆದರೆ ದೀಪ ಇಲ್ಲದೆ ಕೂರಬೇಕು, ಹೆದರಿಕೆಯಾಗುತ್ತದೆ. ಬೆಳಗ್ಗೆ 4ಕ್ಕೆ, ಒಮ್ಮೊಮ್ಮೆ ಮೂರೂವರೆಗೇ ಹೋಗುತ್ತೇನೆ, ಸಂಜೆ 5, ಐದೂವರೆಗೆ ಮೇಲೆ ಬರುತ್ತೇನೆ. ನಾನು ಯಾವತ್ತೂ ನಿದ್ದೆ ಮಾಡುವುದಿಲ್ಲ. ಬೆಳಕಿದ್ದರೆ ಒಮ್ಮೊಮ್ಮೆ ಹಾಡುತ್ತೇನೆ, ಕತ್ತಲಲ್ಲಿ ಹಾಡಲು ಧೈರ್ಯ ಬರುವುದಿಲ್ಲ.

ಕತ್ತಲಲ್ಲಿ 13 ಗಂಟೆ ಕೂತ ಮಗು "ನಿದ್ದೆ ಮಾಡುವುದಿಲ್ಲ" ಅಂತ ತಾನಾಗಿ ಹೇಳುವುದನ್ನು ನೋಡಿ. ಎದುರಿಗೆ ಕುಳಿತವರು ಸರ್ಕಾರದ ದೊಡ್ಡ ಮನುಷ್ಯರು, ತಪ್ಪು ತಿಳಿದುಕೊಂಡಾರು ಅಂತ ಹೆದರಿಕೆ ಇತ್ತೋ ಏನೋ. ಇದೇ ವರದಿಯಲ್ಲಿ ಹ್ಯಾಲಿಫ್ಯಾಕ್ಸ್ ಕಡೆಯ 17 ವರ್ಷದ ಪೇಷೆನ್ಸ್ ಕರ್ಷಾ ಇದ್ದಾಳೆ, ಕಲ್ಲಿದ್ದಲಿನ ಗಾಡಿಯನ್ನು ತಲೆಯಿಂದ ತಳ್ಳಿ ತಳ್ಳಿ ಅವಳ ನೆತ್ತಿಯ ಕೂದಲು ಉದುರಿ ಬೋಳಾಗಿತ್ತು. 1842ರ ಕಾನೂನು ಹೆಂಗಸರನ್ನು, ಹುಡುಗಿಯರನ್ನು, 10 ವರ್ಷದೊಳಗಿನ ಹುಡುಗರನ್ನು ಗಣಿಯೊಳಗೆ ಇಳಿಸಬಾರದು ಎಂದಿತು.

ಮಿಲ್ಲಿಗೂ ಗಣಿಗೂ ಹೋಗದ ಕೂಸುಗಳ ಕಥೆಯೂ ನಿದ್ದೆಯದ್ದೇ, ಆದರೆ ಉಲ್ಟಾ. ಅಮ್ಮ ಕೆಲಸಕ್ಕೆ ಹೋಗಬೇಕು. ಕೂಸನ್ನು ನೋಡಿಕೊಳ್ಳುವುದು ಮುದುಕಿಯೋ, ಏಳೆಂಟು ವರ್ಷದ ಅಕ್ಕನೋ. ಕೂಸು ಅತ್ತರೆ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಔಷಧಿ ಕುಡಿಸುತ್ತಿದ್ದರು. ಸಿಹಿ ಪಾಕದಲ್ಲಿ ಬೆರೆಸಿದ ಅಫೀಮು. ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿತ್ತು. ಕೂಸು ಗಂಟೆಗಟ್ಟಲೆ ಮಲಗುತ್ತಿತ್ತು, ಹಸಿವಾದರೂ ಅಳುತ್ತಿರಲಿಲ್ಲ. ಎಷ್ಟೋ ಕೂಸುಗಳು ಸೊರಗಿ ಸತ್ತವು, ಕೆಲವು ಏಳಲೇ ಇಲ್ಲ.

ಇಷ್ಟೆಲ್ಲದರ ನಡುವೆ ಅವರು ಮಕ್ಕಳೂ ಆಗಿದ್ದರು. ಗೋಲಿ, ಬುಗುರಿ, ಹಗ್ಗದಾಟ ಎಲ್ಲ ಇತ್ತು. ನಮ್ಮ ಕುಂಟೆಬಿಲ್ಲೆಯಂಥದ್ದೇ ಆಟವನ್ನು ಬೀದಿಯ ಕಲ್ಲುಹಾಸಿನ ಮೇಲೆ ಆಡುತ್ತಿದ್ದರು. ಕಾಲುವೆಗೆ ಹಾರಿ ಈಜುತ್ತಿದ್ದರು. ಭಾನುವಾರ ಮಾತ್ರ ರಜೆ. ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ಭಾನುವಾರದ ಶಾಲೆ ಶುರು ಮಾಡಿದ್ದು ವಾರವಿಡೀ ಗುಂಡುಪಿನ್ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳಿಗಾಗಿ. ದೇಶದ ತುಂಬಾ ಹಬ್ಬಿತು. ಲಕ್ಷಾಂತರ ಮಕ್ಕಳು ಅಕ್ಷರ ಕಲಿತದ್ದು ಇಲ್ಲೇ, ಬೈಬಲ್ ಓದುತ್ತಾ. ಕೆಲವು ಕಡೆ ಓದಲು ಕಲಿಸಿದರೂ ಬರೆಯಲು ಕಲಿಸುತ್ತಿರಲಿಲ್ಲ, ದೇವರ ದಿನದಂದು ಬರೆಯುವುದು ಕೆಲಸ ಮಾಡಿದಂತೆ ಅಂತ. ವಾರಕ್ಕೊಂದು ರಜೆ, ಅದರಲ್ಲೂ ಬೆಂಚಿನ ಮೇಲೆ ಕೂರಬೇಕು. ಆದರೂ ಹೋಗುತ್ತಿದ್ದರು, ಅದಕ್ಕೆ ಅವರನ್ನು ಮೆಚ್ಚಲೇಬೇಕು. ವರ್ಷಕ್ಕೊಮ್ಮೆ ಲ್ಯಾಂಕಶೈರ್ ಊರುಗಳಲ್ಲಿ ಜಾತ್ರೆಯ ವಾರ ಬರುತ್ತಿತ್ತು, ಮಿಲ್ಲುಗಳೆಲ್ಲ ಬಂದ್. ರೈಲು ಬಂದ ಮೇಲೆ ಊರಿಗೆ ಊರೇ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೋಗುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರಿಕೊಳ್ಳುತ್ತದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತುಹೋಯಿತು. ಲ್ಯಾಂಕಶೈರ್ ಮಿಲ್ಲುಗಳು ಇಂಡಿಯಾದ ಹತ್ತಿಗೆ ಕೈ ಚಾಚಿದವು. ಧಾರವಾಡದ ಹತ್ತಿ, ಕುಮಟಾ ಬಂದರಿನ ಹೆಸರಿನ ಹತ್ತಿ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಆಗಲೇ ಪರಿಚಿತ. ಧಾರವಾಡದ ಸುತ್ತ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಸುತ್ತಿದ್ದರು. ಯುದ್ಧದ ವರ್ಷಗಳಲ್ಲಿ ನಮ್ಮ ಹತ್ತಿ ಬೆಳೆಗಾರರು ಕಂಡ ಬೆಲೆ ಹಿಂದೆಂದೂ ಕಂಡಿರಲಿಲ್ಲ. ಆದರೆ ಮುಂಬೈ ಕಡೆಯಿಂದ ಹೋಗುತ್ತಿದ್ದ ಹೆಚ್ಚಿನ ಹತ್ತಿಯ ಎಳೆ ಗಿಡ್ಡ, ಕಸವೂ ಜಾಸ್ತಿ. ಯಂತ್ರದಲ್ಲಿ ಪದೇ ಪದೇ ಕಡಿಯುತ್ತಿತ್ತು. ಅದನ್ನೆಲ್ಲ ಅಲ್ಲಿ 'ಸೂರತ್' ಅಂತ ಕರೆಯುತ್ತಿದ್ದರು. ದೇವರೇ ಹತ್ತಿ ಕೊಡು, ಆದರೆ ಸೂರತ್ ಬೇಡ ಅಂತ ಕೆಲಸಗಾರರು ಬೇಡಿಕೊಳ್ಳುತ್ತಿದ್ದರಂತೆ. ಎಳೆ ಕಡಿದಷ್ಟೂ ಓಡಿ ಜೋಡಿಸಬೇಕಾದವರು ಯಾರು? ಅದೇ ಮಕ್ಕಳು. ಬೆಳವಲ ನಾಡಿನ ಹೊಲಕ್ಕೂ ಆ ಬೆರಳುಗಳಿಗೂ ಇಂಥ ನಂಟು ಇತ್ತು ಅಂತ ನಮ್ಮ ಪಾಠದಲ್ಲಿ ಯಾಕೆ ಬರಲಿಲ್ಲವೋ.

ಅಲ್ಲಿ ಅನುಭವಿಸಿ ಕಲಿತದ್ದು ಇಲ್ಲಿಗೆ ಬೇಗ ಬರಲಿಲ್ಲ. ಬ್ರಿಟಿಷ್ ಇಂಡಿಯಾದ ಮೊದಲ ಫ್ಯಾಕ್ಟರಿ ಕಾಯ್ದೆ ಬಂದದ್ದು 1881ರಲ್ಲಿ. ಅದರ ಪ್ರಕಾರ 7 ವರ್ಷದೊಳಗಿನವರನ್ನು ಮಾತ್ರ ಕೆಲಸಕ್ಕಿಡುವಂತಿಲ್ಲ, 7ರಿಂದ 12ರ ಮಕ್ಕಳನ್ನು ದಿನಕ್ಕೆ 9 ಗಂಟೆ ದುಡಿಸಬಹುದು. ಇಂಗ್ಲೆಂಡಿನಲ್ಲಿ 1833ರಲ್ಲೇ 9 ವರ್ಷ ಅಂತ ಗೆರೆ ಎಳೆದವರು ಮುಂಬೈ ಮಕ್ಕಳಿಗೆ ಸುಮಾರು ಅರ್ಧ ಶತಮಾನದ ನಂತರ 7 ವರ್ಷ ಸಾಕು ಅಂದರು. ಆ ಕಾಯ್ದೆಯ ಹಿಂದೆಯೂ ಮಕ್ಕಳ ಮೇಲಿನ ಪ್ರೀತಿಗಿಂತ ಮುಂಬೈ ಮಿಲ್ಲುಗಳ ಪೈಪೋಟಿಯ ಬಗ್ಗೆ ಲ್ಯಾಂಕಶೈರ್ ಮಾಲೀಕರಿಗಿದ್ದ ಆತಂಕವೇ ಜಾಸ್ತಿ ಕೆಲಸ ಮಾಡಿತು ಅಂತ ನಾನು ಓದಿಕೊಂಡಿದ್ದೇನೆ, ನನಗೂ ಹಾಗೇ ಅನ್ನಿಸುತ್ತದೆ.

ಇಂಗ್ಲೆಂಡಿನಲ್ಲಿ 1844ರಿಂದ ಅರ್ಧ ದಿನದ ಪದ್ಧತಿ ಬಂತು. ಮಗು ಅರ್ಧ ದಿನ ಮಿಲ್ಲು, ಅರ್ಧ ದಿನ ಶಾಲೆ. ಕೇಳಲು ಚೆನ್ನಾಗಿದೆ. ಆದರೆ ಬೆಳಗ್ಗೆ 6ಕ್ಕೆ ಮಿಲ್ಲಿನಲ್ಲಿರಬೇಕು, ಮಧ್ಯಾಹ್ನದವರೆಗೆ ನಿಂತು ದುಡಿದು, ಮನೆಗೆ ಓಡಿ ಉಂಡು, ಶಾಲೆಗೆ ಹೋಗಬೇಕು. ಶಾಲೆಯಲ್ಲಿ ಏನಾಗುತ್ತಿತ್ತು ಅಂತ ಹೇಳಬೇಕಾಗಿಲ್ಲ, ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿಬಿಡುತ್ತಿದ್ದರು. ಕೆಲವು ಮೇಷ್ಟ್ರುಗಳು ಎಬ್ಬಿಸದೆ ಬಿಟ್ಟುಬಿಡುತ್ತಿದ್ದರು. ನನಗೆ ಆ ಮೇಷ್ಟ್ರುಗಳು ತುಂಬಾ ಹತ್ತಿರದವರು ಅನ್ನಿಸುತ್ತಾರೆ. ಹೆಂಗಸರ ಮತದಾನದ ಹಕ್ಕಿಗಾಗಿ ಜೈಲಿಗೆ ಹೋದ ಆನಿ ಕೆನ್ನಿ, ಮುಂದೆ ಬ್ರಿಟನ್ನಿನ ಗೃಹಮಂತ್ರಿಯಾದ ಜೆ. ಆರ್. ಕ್ಲೈನ್ಸ್, ಇಬ್ಬರೂ ಓಲ್ಡಮ್ ಕಡೆಯವರು, ಇಬ್ಬರೂ 10ನೇ ವಯಸ್ಸಿಗೆ ಹೀಗೆ ಅರ್ಧ ದಿನದ ಕೆಲಸಕ್ಕೆ ಸೇರಿದವರು. ಆನಿ ಮಿಲ್ಲಿನಲ್ಲಿ ಒಂದು ಬೆರಳು ಕಳೆದುಕೊಂಡಳು. ಕ್ಲೈನ್ಸ್ ಕುರುಡು ಮುದುಕರಿಗೆ ಪೇಪರ್ ಓದಿ ಹೇಳಿ ಮೂರು ಕಾಸು ಸಂಪಾದಿಸುತ್ತಾ ತಾನೂ ಓದಿಕೊಂಡ.

ಈ ಪದ್ಧತಿ ತೆಗೆಯಲು ಹೊರಟಾಗ ಅಡ್ಡ ಬಂದವರು ಮಾಲೀಕರಷ್ಟೇ ಅಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಹತ್ತಿ ಮಿಲ್ಲಿನ ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ಮತ ಕೇಳಿದಾಗ, ಅಪ್ಪ ಅಮ್ಮಂದಿರು ಭಾರೀ ಬಹುಮತದಿಂದ ಬೇಡ ಎಂದರು. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅವರೂ ಹತ್ತು ವರ್ಷಕ್ಕೇ ಮಿಲ್ಲು ಸೇರಿದವರು, ಮಗುವಿನ ಕೂಲಿ ಬಿಟ್ಟರೆ ಆ ವಾರದ ಬಾಡಿಗೆಗೆ ಎಷ್ಟು ಕಡಿಮೆ ಬೀಳುತ್ತದೆ ಅಂತ ಗೊತ್ತಿದ್ದವರು. ಕೊನೆಗೆ 1918ರ ಶಿಕ್ಷಣ ಕಾಯ್ದೆ 14 ವರ್ಷದವರೆಗೆ ಪೂರ್ತಿ ದಿನ ಶಾಲೆ ಎಂದಿತು, ಕೆಲವು ವರ್ಷಗಳಲ್ಲಿ ಅದು ಜಾರಿಗೆ ಬಂದು ಅರ್ಧ ದಿನದ ಮಕ್ಕಳು ಇಲ್ಲವಾದರು.

ಈ ಮಕ್ಕಳ ಮಾತನ್ನು ನೇರವಾಗಿ ಓದಬೇಕು ಅನ್ನಿಸಿದರೆ 1842ರ ಗಣಿ ವರದಿಯಿಂದ ಶುರು ಮಾಡಿ, ಹಳೆಯ ಪ್ರತಿಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಮುಂದಿನ ಭಾಗದ ಸರ್ಕಾರಿ ಭಾಷೆ ದಾಟಿಕೊಂಡು ಯಾರ್ಕ್‌ಶೈರ್ ಮಕ್ಕಳ ಹೇಳಿಕೆಗಳಿಗೆ ಹೋಗಿ. ಅಲ್ಲಿ ಮಗುವಿನ ಹೆಸರು, ವಯಸ್ಸು, ಆಮೇಲೆ ಅದರ ಮಾತು. ರಾತ್ರಿ ಮಲಗುವ ಮುಂಚೆ ಮಾತ್ರ ಓದಬೇಡಿ.